ಸೆಲೆಬ್ರಿಟಿ ಆತ್ಮಕಥೆಗಳನ್ನು ಗಾಸಿಪ್‌ಗಾಗಿ ಓದುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಿನಿಮಾದವರು, ಹಾಡುಗಾರರು, ಆಟಗಾರರು, ಅರಮನೆಯವರು ಬರೆದ ಆತ್ಮಕಥೆಗಳನ್ನು ಸುಮ್ನೆ ಖುಷಿಗೆ ಓದಬೇಕು ಅನ್ನುವವರಿಗಾಗಿ ಈ ಪುಟ. ಈ ಬಗೆಯ ಪುಸ್ತಕಗಳು ನನಗೆ ತುಂಬ ಇಷ್ಟ. ಹಾಗಾಗಿ ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಧಾರಾಳವಾಗಿ ಸೇರಿಕೊಂಡಿದೆ.

ಬರೀ ಗಾಸಿಪ್‌ಗಾಗಿ ಪುಸ್ತಕ ಓದೋದು ಸರಿನಾ?

ಖಂಡಿತ ಸರಿ. ಗಾಳಿಸುದ್ದಿಗೂ ಆತ್ಮಕಥೆಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಗಾಳಿಸುದ್ದಿಯಲ್ಲಿ ಯಾರೋ ಇನ್ಯಾರದೋ ಬಗ್ಗೆ ಹೇಳುತ್ತಾರೆ. ಇಲ್ಲಿ ಆ ವ್ಯಕ್ತಿಯೇ ಕೂತು, ಯೋಚಿಸಿ, ಇದನ್ನು ಹೇಳುತ್ತೇನೆ, ಇದನ್ನು ಹೇಳುವುದಿಲ್ಲ ಎಂದು ತೀರ್ಮಾನಿಸಿ ಬರೆದಿರುತ್ತಾರೆ ಅಥವಾ ಬರೆಸಿರುತ್ತಾರೆ. ಯಾರ ಮನೆಯ ಕಿಟಕಿಯಲ್ಲೂ ನಾವು ಇಣುಕುತ್ತಿಲ್ಲ. ಅವರೇ ಕರೆದು ಕೂರಿಸಿ ಕಥೆ ಹೇಳುತ್ತಿದ್ದಾರೆ.

ಓದಿನಿಂದ ಏನಾದರೂ ಕಲಿಯಲೇಬೇಕು ಎಂಬ ಹಟವೂ ಬೇಡ. ಗಂಭೀರ ಪುಸ್ತಕ ಓದುವವರೂ ನಡುವೆ ಇಂಥದ್ದೊಂದನ್ನು ಕೈಗೆತ್ತಿಕೊಳ್ಳುತ್ತಾರೆ. ಓದುವ ಅಭ್ಯಾಸ ಬಿಟ್ಟುಹೋಗಿದ್ದರೆ ಮತ್ತೆ ಶುರು ಮಾಡಲು ಇವು ಬಹಳ ಒಳ್ಳೆಯವು. ಯಾರು ಯಾರು ಅಂತ ಮೊದಲೇ ಗೊತ್ತಿರುತ್ತೆ, ಅಧ್ಯಾಯಗಳು ಚಿಕ್ಕವಾಗಿರುತ್ತವೆ, ಮುಂದೇನಾಯಿತು ಎಂಬ ಕುತೂಹಲ ತಾನಾಗಿ ಎಳೆದುಕೊಂಡು ಹೋಗುತ್ತೆ.

ಇವುಗಳಲ್ಲಿ ಒಳ್ಳೆಯ ಗಾಸಿಪ್ ಅಂದ್ರೆ ಯಾವುದು? ಯಾರ ಜೊತೆ ಯಾರಿದ್ದರು ಅನ್ನೋದಾ?

ಅದೂ ಇರುತ್ತೆ, ಇರಲಿ. ಆದರೆ ನನ್ನ ಮಟ್ಟಿಗೆ ಅತ್ಯಂತ ರುಚಿಯಾದ ಗಾಸಿಪ್ ಅಂದರೆ ಒಬ್ಬ ದೊಡ್ಡ ಮನುಷ್ಯ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಚಿಕ್ಕ ಗುಟ್ಟು.

ಟೆನಿಸ್ ಆಟಗಾರ ಆಂಡ್ರೆ ಅಗಾಸ್ಸಿಯ 'ಓಪನ್' (2009) ನೋಡಿ. 1990ರ ಫ್ರೆಂಚ್ ಓಪನ್ ಫೈನಲ್. ಆಗ ಅವರ ಉದ್ದ ಕೂದಲು ಜಗತ್ತಿಗೆಲ್ಲ ಗೊತ್ತು. ಪೋಸ್ಟರ್‌ಗಳಲ್ಲಿ, ಜಾಹೀರಾತುಗಳಲ್ಲಿ ಅದೇ ಅವರ ಗುರುತು. ಆ ಕೂದಲಿನಲ್ಲಿ ಒಂದು ಭಾಗ ವಿಗ್. ಫೈನಲ್‌ನ ಹಿಂದಿನ ರಾತ್ರಿ ಸ್ನಾನ ಮಾಡುವಾಗ ಆ ವಿಗ್ ಬಿಚ್ಚಿಕೊಳ್ಳತೊಡಗಿತು. ಅಣ್ಣ ಬಂದು ಪಿನ್ನುಗಳನ್ನು ಚುಚ್ಚಿ ಹೇಗೋ ನಿಲ್ಲಿಸಿದರು. ಮರುದಿನ ಅಗಾಸ್ಸಿ ದೇವರಲ್ಲಿ ಬೇಡಿಕೊಂಡಿದ್ದು ಗೆಲುವನ್ನಲ್ಲವಂತೆ, ವಿಗ್ ಬೀಳದಿರಲಿ ಅಂತ. ಎದುರಿದ್ದವರು ಈಕ್ವೆಡಾರ್‌ನ ಆಂಡ್ರೆಸ್ ಗೊಮೆಜ್. ಅಗಾಸ್ಸಿ ಸೋತರು.

ಇದರಲ್ಲಿ ಯಾರ ಮಾನವೂ ಹೋಗಿಲ್ಲ. ಯಾರಿಗೂ ನೋವಾಗಿಲ್ಲ. ಆದರೂ ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳದೆ ಇರಲಾರರು. ಕೋಟಿ ಜನ ನೋಡುತ್ತಿದ್ದ ಪಂದ್ಯದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿದ್ದ ಭಯ ಅದು. ಇಂಥದ್ದನ್ನು ಹುಡುಕಿಕೊಂಡು ಓದಿ. ಅಫೇರ್ ಕಥೆಗಳಿಗಿಂತ ಇವು ಜಾಸ್ತಿ ದಿನ ನೆನಪಿರುತ್ತವೆ.

ಮೊದಲ ಸಲ ಓದುತ್ತಿದ್ದೇನೆ. ಯಾವುದರಿಂದ ಶುರು ಮಾಡಲಿ?

ನನ್ನ ಉತ್ತರ ಒಂದೇ: ಎಲ್ಟನ್ ಜಾನ್ ಅವರ 'ಮಿ' (2019). ಅವರ ಹಾಡುಗಳನ್ನು ಕೇಳಿಲ್ಲದಿದ್ದರೂ ಪರವಾಗಿಲ್ಲ. ಒಂದು ಸಲ ಹೋಟೆಲ್ ರೂಮಿನ ಹೊರಗೆ ಗಾಳಿ ಜೋರಾಗಿ ಬೀಸುತ್ತಿತ್ತು. ಅವರು ತಮ್ಮ ಆಫೀಸಿಗೆ ಫೋನ್ ಮಾಡಿ, ಈ ಗಾಳಿಗೆ ಏನಾದರೂ ಮಾಡಿ ಎಂದು ಹೇಳಿದರು! ಇದು ಯಾರೋ ಕಟ್ಟಿದ ಕಥೆ ಎಂದೇ ಬಹಳ ಜನ ಅಂದುಕೊಂಡಿದ್ದರು. ನಿಜ, ನಾನೇ ಮಾಡಿದ್ದು ಎಂದು ಪುಸ್ತಕದಲ್ಲಿ ಒಪ್ಪಿಕೊಳ್ಳುತ್ತಾರೆ. ಇನ್ನೊಮ್ಮೆ ತಮ್ಮ ಪಾರ್ಟಿಯಲ್ಲಿ ಪ್ರಸಿದ್ಧ ಹಾಡುಗಾರ ಬಾಬ್ ಡಿಲನ್ ಅವರನ್ನು ಕಂಡು ತೋಟದ ಕೆಲಸದವರು ಅಂದುಕೊಂಡರಂತೆ.

ಈ ಪುಸ್ತಕದಲ್ಲಿ ಮಾದಕ ವ್ಯಸನದ ಕತ್ತಲೆಯ ಭಾಗವೂ ಇದೆ. ಆದರೆ ಅವರು ಬೇರೆಯವರಿಗಿಂತ ಜಾಸ್ತಿ ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ. ಅದರಿಂದಲೇ ಓದು ಹಗುರವಾಗುತ್ತೆ.

ಮುಖ್ಯ ವಿಷಯ ಎಲ್ಲ ಪೇಪರ್‌ನಲ್ಲಿ, ಮೊಬೈಲ್‌ನಲ್ಲಿ ಬಂದುಬಿಟ್ಟಿರುತ್ತಲ್ಲ. ಮತ್ತೆ ಪುಸ್ತಕ ಯಾಕೆ?

ಬಿಡುಗಡೆಗೆ ಮುಂಚೆಯೇ ಆಯ್ದ ಭಾಗಗಳು ಪತ್ರಿಕೆಗಳಲ್ಲಿ ಬರುವುದು ಹಳೆಯ ಪದ್ಧತಿ. ಪತ್ರಿಕೆಗೆ ಸುದ್ದಿ ಸಿಗುತ್ತೆ, ಪ್ರಕಾಶಕರಿಗೆ ಪ್ರಚಾರ. ಕೆಲವೊಮ್ಮೆ ಅದಕ್ಕೂ ಮುಂಚೆ ಸೋರಿಬಿಡುತ್ತೆ. ಪ್ರಿನ್ಸ್ ಹ್ಯಾರಿಯ 'ಸ್ಪೇರ್' ಬಿಡುಗಡೆಯಾಗಬೇಕಿದ್ದದ್ದು 2023ರ ಜನವರಿ 10ಕ್ಕೆ. ಸ್ಪೇನ್‌ನ ಕೆಲವು ಅಂಗಡಿಗಳಲ್ಲಿ ಅದರ ಸ್ಪ್ಯಾನಿಷ್ ಅನುವಾದ ಕೆಲವು ದಿನ ಮುಂಚೆಯೇ ಮಾರಾಟಕ್ಕೆ ಬಂತು. ಪತ್ರಕರ್ತರು ಅದನ್ನು ಕೊಂಡು, ಓದಿ, ಜಗತ್ತಿಗೆಲ್ಲ ಹಂಚಿದರು. ಆದರೂ ಮೊದಲ ದಿನವೇ ಬ್ರಿಟನ್, ಅಮೆರಿಕ, ಕೆನಡಾಗಳಲ್ಲಿ ಇಂಗ್ಲಿಷ್ ಆವೃತ್ತಿಯ 14 ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೋದವು. ವಿಷಯ ಗೊತ್ತಾದ ಮೇಲೂ ಜನ ಕೊಂಡರು.

ಯಾಕೆಂದರೆ ಪತ್ರಿಕೆ ಎತ್ತಿಕೊಳ್ಳುವುದು ಜಗಳವನ್ನು. ಅದರ ಸುತ್ತಲಿನ ಸಾಮಾನು ಸರಂಜಾಮೆಲ್ಲ ಪುಸ್ತಕದಲ್ಲಿ ಇರುತ್ತೆ. ಅಣ್ಣ ವಿಲಿಯಂ ತಮ್ಮನನ್ನು ನೆಲಕ್ಕೆ ಕೆಡವಿದ ಸುದ್ದಿ ಎಲ್ಲ ಕಡೆ ಬಂತು. ಬಿದ್ದದ್ದು ನಾಯಿಯ ಊಟದ ಬಟ್ಟಲಿನ ಮೇಲೆ, ಬಟ್ಟಲು ಒಡೆದು ಚೂರು ಬೆನ್ನಿಗೆ ಚುಚ್ಚಿತು ಎಂದು ಹ್ಯಾರಿ ಬರೆಯುತ್ತಾರೆ. ರಾಜಕುಮಾರರ ಜಗಳದ ನಡುವೆ ಒಂದು ನಾಯಿ ಬಟ್ಟಲು! ಆ ಬಟ್ಟಲು ಕಂಡ ಮೇಲೆ ಅದು ಯಾವ ಮನೆಯಲ್ಲಾದರೂ ಇಬ್ಬರು ಅಣ್ಣತಮ್ಮಂದಿರು ಆಡುವ ಜಗಳವಾಗಿಬಿಡುತ್ತೆ. ಇಂಥ ವಿವರಗಳು ನಿಧಾನವಾಗಿ ಓದಿದವರಿಗೇ ದಕ್ಕುವುದು.

ಇವರೇ ಬರೆದಿರುತ್ತಾರಾ?

ಬಹಳ ಸಲ ಇಲ್ಲ. ಗೋಸ್ಟ್ ರೈಟರ್ ಅಥವಾ ಸಹಲೇಖಕರು ಇರುತ್ತಾರೆ. ಗಂಟೆಗಟ್ಟಲೆ ಮಾತಾಡಿಸಿ, ರೆಕಾರ್ಡ್ ಮಾಡಿಕೊಂಡು, ಆ ಮಾತಿನ ಧಾಟಿಯಲ್ಲೇ ಬರೆದುಕೊಡುತ್ತಾರೆ. ಎಲ್ಟನ್ ಜಾನ್ ಪುಸ್ತಕದ ಹಿಂದೆ ಸಂಗೀತ ವಿಮರ್ಶಕ ಅಲೆಕ್ಸಿಸ್ ಪೆಟ್ರಿಡಿಸ್ ಇದ್ದಾರೆ. ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ಬ್ಯಾಂಡ್‌ನ ಕೀತ್ ರಿಚರ್ಡ್ಸ್ ಅವರ 'ಲೈಫ್' (2010) ಬರೆಯಲು ಜೊತೆಯಾದವರು ಜೇಮ್ಸ್ ಫಾಕ್ಸ್. ಅಗಾಸ್ಸಿಯ 'ಓಪನ್', ಹ್ಯಾರಿಯ 'ಸ್ಪೇರ್' ಎರಡರ ಹಿಂದೆಯೂ ಇರುವವರು ಒಬ್ಬರೇ, ಪುಲಿಟ್ಜರ್ ಪ್ರಶಸ್ತಿ ಪಡೆದ ಪತ್ರಕರ್ತ ಜೆ.ಆರ್. ಮೊರಿಂಗರ್. 'ಓಪನ್' ಮುಖಪುಟದಲ್ಲಿ ತಮ್ಮ ಹೆಸರು ಬೇಡ ಎಂದವರು ಅವರೇ.

ಇದನ್ನು ಮೋಸ ಅಂತ ನೋಡಬೇಡಿ. ಟೆನಿಸ್ ಆಡುವವರಿಗೆ ವಾಕ್ಯ ಕಟ್ಟಲು ಬರಬೇಕು ಅಂತೇನಿಲ್ಲ. ಒಳ್ಳೆಯ ಸಹಲೇಖಕರು ಸಿಕ್ಕರೆ ಪುಸ್ತಕ ಗೆಲ್ಲುತ್ತೆ. ಹಾಗಾಗಿ ಪುಸ್ತಕ ಆರಿಸುವಾಗ ಸೆಲೆಬ್ರಿಟಿಯ ಹೆಸರಿನ ಜೊತೆಗೆ ಸಹಲೇಖಕರ ಹೆಸರನ್ನೂ ನೋಡಿ. ಮುಖಪುಟದಲ್ಲಿ ಇಲ್ಲದಿದ್ದರೆ ಕೊನೆಯ ಕೃತಜ್ಞತೆಯ ಪುಟಗಳಲ್ಲಿ ಹುಡುಕಿ. ಈ ಪುಸ್ತಕ ಇವರಿಲ್ಲದೆ ಆಗುತ್ತಿರಲಿಲ್ಲ ಎಂಬ ಧಾಟಿಯಲ್ಲಿ ಯಾರಿಗಾದರೂ ವಿಶೇಷ ಧನ್ಯವಾದ ಇದ್ದರೆ, ಸಾಮಾನ್ಯವಾಗಿ ಅವರೇ.

ಬರೆದಿದ್ದೆಲ್ಲ ನಿಜ ಅಂತ ನಂಬಬಹುದಾ?

ಎಲ್ಲವನ್ನೂ ನಂಬಬೇಕಿಲ್ಲ. ದೊಡ್ಡ ಪ್ರಕಾಶನ ಸಂಸ್ಥೆಗಳು ಇಂಥ ಪುಸ್ತಕವನ್ನು ವಕೀಲರಿಂದ ಓದಿಸುತ್ತವೆ. ಆದರೆ ಅವರು ನೋಡುವುದು ಯಾರಾದರೂ ಮಾನನಷ್ಟದ ಕೇಸು ಹಾಕಬಹುದಾ ಅಂತ. ನೆನಪು ಸರಿ ಇದೆಯಾ ಅಂತ ಪರೀಕ್ಷೆ ಮಾಡುವುದು ಅವರ ಕೆಲಸ ಅಲ್ಲ.

ಹಳೆಯ ಹಾಲಿವುಡ್ ನಟ ಡೇವಿಡ್ ನಿವೆನ್ ಅವರ 'ದ ಮೂನ್ಸ್ ಎ ಬಲೂನ್' (1971) ಓದುವುದು ಒಂದು ಹಬ್ಬ. ಅದರಲ್ಲಿ ಬೇರೆಯವರಿಗೆ ಆದದ್ದನ್ನು ಕೆಲವು ಕಡೆ ತಮಗೇ ಆಯಿತು ಅನ್ನುವ ಹಾಗೆ ಬರೆದಿದ್ದಾರೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಅದರಿಂದ ಪುಸ್ತಕದ ಸೊಗಸು ಕಡಿಮೆಯಾಗಿಲ್ಲ. ಪಂಕ್ತಿಯಲ್ಲಿ ಪಕ್ಕ ಕೂತ ಮಾತುಗಾರ ಮಾವನ ಹಾಗೆ ಅವರು. ಕಥೆಗೆ ಸ್ವಲ್ಪ ಒಗ್ಗರಣೆ ಬಿದ್ದಿದೆ ಅಂತ ಗೊತ್ತಿದ್ದೂ ನಾವು ಎದ್ದು ಹೋಗುವುದಿಲ್ಲ. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಚಾರ್ಲ್ಸ್ ಬಾರ್ಕ್ಲಿಯಂತೂ ತಮ್ಮ ಆತ್ಮಕಥೆಯಲ್ಲೇ ತಮ್ಮ ಮಾತನ್ನು ತಪ್ಪಾಗಿ ಹಾಕಿದ್ದಾರೆ ಎಂದು ದೂರಿದ್ದು ಪ್ರಸಿದ್ಧ.

ನಾನು ಹೀಗೆ ಅಳೆಯುತ್ತೇನೆ: ತಮಗೆ ಕೆಟ್ಟ ಹೆಸರು ತರುವ ವಿಷಯವನ್ನು ಯಾರಾದರೂ ಹೇಳಿಕೊಂಡರೆ ಅದು ನಿಜ ಇರುವ ಸಾಧ್ಯತೆ ಜಾಸ್ತಿ. ರಿಷಿ ಕಪೂರ್ ತಮ್ಮ 'ಖುಲ್ಲಂ ಖುಲ್ಲಾ'ದಲ್ಲಿ (2017), 'ಬಾಬಿ' ಚಿತ್ರಕ್ಕೆ ಬಂದ ಪ್ರಶಸ್ತಿಯನ್ನು 30,000 ರೂಪಾಯಿ ಕೊಟ್ಟು ಕೊಂಡಿದ್ದೆ, ಅದಕ್ಕೆ ನಾಚಿಕೆಯಾಗುತ್ತದೆ ಎಂದು ಬರೆದರು. ಸುಳ್ಳು ಹೇಳುವವರು ಇಂಥ ಸುಳ್ಳು ಹೇಳುವುದಿಲ್ಲ, ಅಲ್ವಾ? ಜಗಳದಲ್ಲಿ ತಾವೊಬ್ಬರೇ ಸರಿ, ಉಳಿದವರೆಲ್ಲ ತಪ್ಪು ಅನ್ನುವ ಪುಟಗಳನ್ನು ಮಾತ್ರ ಸ್ವಲ್ಪ ಅನುಮಾನದಿಂದಲೇ ಓದಿ.

ಒಂದೇ ಘಟನೆಯನ್ನು ಇಬ್ಬರು ಬೇರೆ ಬೇರೆ ಥರ ಬರೆದಿದ್ದರೆ?

ಎರಡನ್ನೂ ತಂದುಕೊಳ್ಳಿ! ಗಾಸಿಪ್ ಪ್ರಿಯರಿಗೆ ಇದಕ್ಕಿಂತ ದೊಡ್ಡ ಸುಖ ಇಲ್ಲ.

ನನಗೆ ಗೊತ್ತಿರುವ ಅತ್ಯುತ್ತಮ ಜೋಡಿ 2007ರದ್ದು. ಪ್ಯಾಟಿ ಬಾಯ್ಡ್ ಮಾಡೆಲ್ ಆಗಿದ್ದವರು. 1966ರಲ್ಲಿ ಬೀಟಲ್ಸ್ ಬ್ಯಾಂಡ್‌ನ ಜಾರ್ಜ್ ಹ್ಯಾರಿಸನ್ ಅವರನ್ನು ಮದುವೆಯಾದರು. ಜಾರ್ಜ್‌ನ ಆಪ್ತ ಗೆಳೆಯ, ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ಆಕೆಯನ್ನೇ ಪ್ರೀತಿಸಿ 'ಲೈಲಾ' ಎಂಬ ಹಾಡು ಬರೆದರು. ಕೊನೆಗೆ ಜಾರ್ಜ್ ಜೊತೆಗಿನ ಮದುವೆ ಮುರಿದು, 1979ರಲ್ಲಿ ಪ್ಯಾಟಿ ಮತ್ತು ಎರಿಕ್ ಮದುವೆಯಾದರು, ಅದೂ ಉಳಿಯಲಿಲ್ಲ. ಇಷ್ಟಾಗಿ ದಶಕಗಳೇ ಕಳೆದ ಮೇಲೆ ಪ್ಯಾಟಿ ಮತ್ತು ಎರಿಕ್ ಇಬ್ಬರ ಆತ್ಮಕಥೆಗಳೂ ಒಂದೇ ವರ್ಷ ಹೊರಬಂದವು. ಎರಿಕ್ ಪುಸ್ತಕದಲ್ಲಿ ಹಾಡು ಬರೆದವನ ಹಂಬಲ ಇದೆ. ಪ್ಯಾಟಿ ಪುಸ್ತಕದಲ್ಲಿ ಅಂಥ ಹಾಡು ತನ್ನ ಮೇಲೆ ಬಂದಾಗ ಹೆಣ್ಣಿನ ಮೇಲೆ ಬೀಳುವ ಒತ್ತಡ ಇದೆ. ಒಂದನ್ನು ಮುಗಿಸಿ ಇನ್ನೊಂದನ್ನು ಹಿಡಿದರೆ ಮೊದಲು ಯಾರ ಪರ ಇದ್ದಿರೋ ಅವರ ಮೇಲೆ ಸಿಟ್ಟು ಬರಬಹುದು. ಪ್ಯಾಟಿ ಪುಸ್ತಕವನ್ನು ಎರಡನೆಯದಾಗಿ ಓದಿ ಎನ್ನುವುದು ನನ್ನ ಸಲಹೆ. ಹಾಡಿನ ಮೋಹ ಆಗ ಪೂರ್ತಿ ಇಳಿಯುತ್ತೆ.

ಹೇಳದೆ ಬಿಟ್ಟದ್ದೂ ಗಾಸಿಪ್ಪೇ. ಚಾರ್ಲಿ ಚಾಪ್ಲಿನ್ 1964ರಲ್ಲಿ ದಪ್ಪನೆಯ ಆತ್ಮಕಥೆ ಬರೆದರು. ಅದರಲ್ಲಿ ಎರಡನೇ ಮದುವೆಯ ಬಗ್ಗೆ ಇರುವುದು ಕೆಲವೇ ಸಾಲು. ದೊಡ್ಡವರಾದ ಇಬ್ಬರು ಗಂಡುಮಕ್ಕಳಿದ್ದಾರೆ, ಅವರೆಂದರೆ ನನಗೆ ಪ್ರೀತಿ, ಹಾಗಾಗಿ ವಿವರಕ್ಕೆ ಹೋಗುವುದಿಲ್ಲ ಎಂದು ಮುಂದೆ ಸಾಗಿಬಿಡುತ್ತಾರೆ. ಎರಡು ವರ್ಷದ ನಂತರ, 1966ರಲ್ಲಿ, ಆ ಎರಡನೇ ಹೆಂಡತಿ ಲೀಟಾ ಗ್ರೇ ತಮ್ಮದೇ ಪುಸ್ತಕ ತಂದರು. ಅಷ್ಟು ಸಾಲದು ಎಂಬಂತೆ ಇನ್ನೊಂದನ್ನೂ ಬರೆದರು. ಅದು ಅವರು ತೀರಿಕೊಂಡ ಮೇಲೆ 1998ರಲ್ಲಿ ಪ್ರಕಟವಾಯಿತು. ಗಂಡ ಕೆಲವೇ ಸಾಲಿನಲ್ಲಿ ಮುಗಿಸಿದ್ದಕ್ಕೆ ಹೆಂಡತಿಗೆ ಎರಡು ಪುಸ್ತಕ ಬೇಕಾಯಿತು!

ಬಾಲ್ಯದ ಅಧ್ಯಾಯಗಳನ್ನು ಹಾರಿಸಿ ಓದಬಹುದಾ?

ಆರಾಮವಾಗಿ. ಅಜ್ಜ ಅಜ್ಜಿಯ ಊರು, ಶಾಲೆ, ಮೊದಲ ನಾಟಕ, ಇವೆಲ್ಲ ಬಹಳ ಪುಸ್ತಕಗಳಲ್ಲಿ ಒಂದೇ ಥರ ಇರುತ್ತವೆ. ಬೇಸರವಾದರೆ ಮೊದಲ ಯಶಸ್ಸಿನ ಅಧ್ಯಾಯಕ್ಕೆ ಹೋಗಿ, ಅಲ್ಲಿಂದ ಓದಿ. ಆಮೇಲೆ ಮನಸ್ಸಾದರೆ ಹಿಂದಕ್ಕೆ ಬನ್ನಿ.

ಇನ್ನೂ ಬೇಗ ಬೇಕಾದರೆ ಕೊನೆಯ ಹೆಸರುಗಳ ಪಟ್ಟಿ, ಅಂದರೆ ಇಂಡೆಕ್ಸ್ ತೆರೆಯಿರಿ. ಯಾರ ಹೆಸರಿನ ಮುಂದೆ ಪುಟಸಂಖ್ಯೆ ಜಾಸ್ತಿ ಇದೆ, ಇರಲೇಬೇಕಾದ ಯಾರ ಹೆಸರು ಇಲ್ಲ ಅನ್ನೋದರಲ್ಲೇ ಅರ್ಧ ಕಥೆ ಸಿಗುತ್ತೆ. ಕಲಾವಿದ ಆಂಡಿ ವಾರ್ಹಾಲ್ ಅವರ ಡೈರಿಗಳು ಅವರು ತೀರಿಕೊಂಡ ಮೇಲೆ 1989ರಲ್ಲಿ ಬಂದಾಗ ಅದಕ್ಕೆ ಇಂಡೆಕ್ಸ್ ಇರಲಿಲ್ಲ. ನ್ಯೂಯಾರ್ಕಿನ ದೊಡ್ಡವರೆಲ್ಲ ಆ ಪುಸ್ತಕದೊಳಗಿದ್ದರು. ತಮ್ಮ ಹೆಸರು ಎಲ್ಲಿದೆ ಅಂತ ಹುಡುಕಲು ಅವರು 800 ಪುಟ ತಿರುವಬೇಕಾಯಿತು. ಕೊನೆಗೆ 'ಸ್ಪೈ' ಎಂಬ ಪತ್ರಿಕೆ ತಾನೇ ಒಂದು ಇಂಡೆಕ್ಸ್ ತಯಾರಿಸಿ ಅಚ್ಚು ಹಾಕಿತು.

ನಡುವಿನ ನುಣುಪು ಹಾಳೆಯ ಫೋಟೊಗಳನ್ನು ಮೊದಲೇ ನೋಡಿಬಿಡಿ. ಎಲ್ಲರೂ ಅದನ್ನೇ ಮಾಡೋದು. ಯಾವ ಮದುವೆಯ ಫೋಟೊ ಇದೆ, ಯಾವುದರದ್ದು ಇಲ್ಲ ಅನ್ನುವುದನ್ನೂ ಗಮನಿಸಿ.

ಸಾವಿರ ಪುಟದ್ದು ಕಂಡರೆ ಭಯವಾಗುತ್ತೆ. ಓದುವ ಬದಲು ಕೇಳಬಹುದಾ?

ಈ ಬಗೆಯ ಪುಸ್ತಕಕ್ಕೆ ಆಡಿಯೊಬುಕ್ ಹೇಳಿ ಮಾಡಿಸಿದ್ದು. ಬರೆದವರೇ ಓದಿದ್ದರೆ ಇನ್ನೂ ಚೆನ್ನ. ಎಲ್ಲಿ ತಡವರಿಸುತ್ತಾರೆ, ಯಾರ ಹೆಸರು ಬಂದಾಗ ದನಿ ಗಟ್ಟಿಯಾಗುತ್ತೆ ಅನ್ನುವುದು ಅಚ್ಚಿನಲ್ಲಿ ಸಿಗುವುದಿಲ್ಲ. ಅಮೆರಿಕದ ಗಾಯಕಿ, ನಟಿ ಬಾರ್ಬ್ರಾ ಸ್ಟ್ರೈಸ್ಯಾಂಡ್ ಅವರ ಆತ್ಮಕಥೆ (2023) ಸಾವಿರ ಪುಟದ ಹತ್ತಿರ ಇದೆ. ಅದನ್ನು ಅವರೇ ಓದಿದ್ದಾರೆ. ಕೇಳಿ ಮುಗಿಸಲು ಸುಮಾರು 48 ಗಂಟೆ ಬೇಕು. ಓದುತ್ತಾ ಓದುತ್ತಾ ಪುಸ್ತಕದಲ್ಲಿ ಇಲ್ಲದ ಮಾತನ್ನೂ ಅಲ್ಲಲ್ಲಿ ಸೇರಿಸುತ್ತಾರೆ. ನಟಿ ವಯೋಲಾ ಡೇವಿಸ್ ತಮ್ಮ 'ಫೈಂಡಿಂಗ್ ಮಿ' ಪುಸ್ತಕವನ್ನು ಓದಿದ್ದಕ್ಕೆ 2023ರಲ್ಲಿ ಗ್ರ್ಯಾಮಿ ಪಡೆದರು. ಟಿವಿಗೆ ಕೊಡುವ ಎಮ್ಮಿ, ಸಿನಿಮಾಗೆ ಕೊಡುವ ಆಸ್ಕರ್, ನಾಟಕಕ್ಕೆ ಕೊಡುವ ಟೋನಿ ಮೊದಲೇ ಇದ್ದವು, ಹಾಗಾಗಿ ಆ ನಾಲ್ಕೂ ಪ್ರಶಸ್ತಿ ಇರುವ ಕೆಲವೇ ಜನರ ಸಾಲಿಗೆ ಸೇರಿದರು.

ಕೆಲಸ ಮಾಡುತ್ತಾ, ನಡೆಯುತ್ತಾ ಕೇಳಿದರೆ ನಡುವೆ ಏನಾದರೂ ತಪ್ಪಿಹೋದರೂ ನಷ್ಟ ಇಲ್ಲ.

ಹಗುರವಾಗಿರುತ್ತೆ ಅಂತ ಕೈಗೆತ್ತಿಕೊಂಡೆ. ಓದಿ ಮನಸ್ಸು ಭಾರವಾಯಿತು. ಮುಂಚೆಯೇ ತಿಳಿಯೋದು ಹೇಗೆ?

ಇದು ನಿಜವಾದ ಕಷ್ಟ. ಮುಖಪುಟದಲ್ಲಿ ನಗುವ ಮುಖ ಇರುತ್ತೆ, ಒಳಗೆ ಬೇರೆಯೇ ಕಥೆ. ಪಾಪ್ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಅವರ 'ದ ವುಮನ್ ಇನ್ ಮಿ' (2023) ಗಾಸಿಪ್‌ಗಾಗಿ ಮಾರಾಟವಾಯಿತು. ಅದರ ತಿರುಳು ಮಾತ್ರ 2008ರಿಂದ 2021ರವರೆಗೆ ತನ್ನ ಬದುಕು, ದುಡ್ಡು ಎರಡೂ ಕೋರ್ಟ್ ನೇಮಿಸಿದ ಪಾಲಕರ ಕೈಯಲ್ಲಿದ್ದ ಹೆಣ್ಣಿನ ನೋವು. ಆಡಿಯೊಬುಕ್‌ನಲ್ಲಿ ಬ್ರಿಟ್ನಿ ಓದಿದ್ದು ಪೀಠಿಕೆ ಮಾತ್ರ. ಉಳಿದದ್ದನ್ನು ನಟಿ ಮಿಶೆಲ್ ವಿಲಿಯಮ್ಸ್ ಓದಿದರು. ಆ ನೆನಪುಗಳಿಗೆ ಮತ್ತೆ ಹೋಗುವುದು ಅವರಿಗೆ ಅಷ್ಟು ಕಷ್ಟವಾಗಿತ್ತು. 'ಫ್ರೆಂಡ್ಸ್' ಧಾರಾವಾಹಿಯಲ್ಲಿ ಎಲ್ಲರನ್ನೂ ನಗಿಸಿದ ಮ್ಯಾಥ್ಯೂ ಪೆರ್ರಿಯ ಪುಸ್ತಕ (2022) ಹೆಚ್ಚಾಗಿ ವ್ಯಸನ ಮತ್ತು ಆಸ್ಪತ್ರೆಯ ಕಥೆ. ಅದು ಬಂದು ಒಂದು ವರ್ಷ ತುಂಬುವ ಮುಂಚೆಯೇ, 2023ರ ಅಕ್ಟೋಬರ್‌ನಲ್ಲಿ, ಅವರು ತೀರಿಕೊಂಡರು.

ಇವು ಓದಬೇಕಾದ ಪುಸ್ತಕಗಳೇ. ಆದರೆ ಸಂಜೆಯ ಹಗುರ ಓದಿಗೆ ಅಲ್ಲ. ಮೊದಲ ಹತ್ತು ಪುಟ ಓದಿ ನೋಡಿ. ಆಸ್ಪತ್ರೆ, ಕೋರ್ಟ್ ಅಥವಾ ಪುನರ್ವಸತಿ ಕೇಂದ್ರದಲ್ಲಿ ಕಥೆ ಶುರುವಾದರೆ ಬೇರೆ ದಿನಕ್ಕೆ ಎತ್ತಿಡಿ. ಅರ್ಧ ಓದಿದ ಮೇಲೆ ಗೊತ್ತಾದರೂ ನಿಲ್ಲಿಸಬಹುದು. ಒಬ್ಬರ ನೋವನ್ನು ರಂಜನೆಗಾಗಿ ಓದಿ ಮುಗಿಸುವುದಕ್ಕಿಂತ ಮಡಚಿಡುವುದೇ ಮರ್ಯಾದೆ ಅಂತ ನನಗೆ ಅನ್ನಿಸುತ್ತೆ.

ಇವರು ಬೇರೆಯವರ ಗುಟ್ಟನ್ನೂ ಹೇಳುತ್ತಾರಲ್ಲ. ಅದನ್ನು ಓದೋದು ತಪ್ಪಲ್ವಾ?

ಒಳ್ಳೆಯ ಪ್ರಶ್ನೆ. ಬರೆದವರು ಒಪ್ಪಿ ಬರೆದಿದ್ದಾರೆ. ಪುಸ್ತಕದೊಳಗಿರುವ ಉಳಿದವರನ್ನು ಯಾರೂ ಕೇಳಿರುವುದಿಲ್ಲ. ನಟ ನವಾಜುದ್ದೀನ್ ಸಿದ್ದಿಕಿ 2017ರಲ್ಲಿ ತಮ್ಮ ಆತ್ಮಕಥೆಯಲ್ಲಿ ಹಳೆಯ ಸಂಬಂಧಗಳನ್ನು ಹೆಸರು ಹೇಳಿ ಬರೆದಾಗ ಆ ಹೆಣ್ಣುಮಕ್ಕಳು ಬಹಿರಂಗವಾಗಿ ವಿರೋಧಿಸಿದರು. ಅವರು ಕ್ಷಮೆ ಕೇಳಿ ಪುಸ್ತಕವನ್ನೇ ಹಿಂದಕ್ಕೆ ಪಡೆದರು. ಪೆರ್ರಿ ತಮ್ಮ ಪುಸ್ತಕದಲ್ಲಿ ನಟ ಕಿಯಾನು ರೀವ್ಸ್ ಇನ್ನೂ ಬದುಕಿದ್ದಾರಲ್ಲ ಅನ್ನುವ ಕಹಿ ಮಾತು ಆಡಿದ್ದರು. ಓದುಗರೇ ಸಿಟ್ಟಾದರು. ಅವರ ಬದಲು ನನ್ನ ಹೆಸರನ್ನೇ ಹಾಕಬೇಕಿತ್ತು ಎಂದು ಪೆರ್ರಿ ಕ್ಷಮೆ ಕೇಳಿದರು, ಮುಂದಿನ ಮುದ್ರಣಗಳಲ್ಲಿ ಅದು ಇರುವುದಿಲ್ಲ ಎಂದರು.

ನಾನು ಒಂದು ಗೆರೆ ಹಾಕಿಕೊಂಡಿದ್ದೇನೆ. ಇಬ್ಬರೂ ಸೆಲೆಬ್ರಿಟಿಗಳಾದರೆ, ಇಬ್ಬರಿಗೂ ಉತ್ತರ ಕೊಡಲು ಮೈಕು ಇದೆ, ಖುಷಿಯಾಗಿ ಓದುತ್ತೇನೆ. ಸಾಮಾನ್ಯ ಜನರ, ಅದರಲ್ಲೂ ಮಕ್ಕಳ, ಖಾಸಗಿ ವಿಷಯ ಬಂದರೆ ಓದಿದರೂ ಬೇರೆಯವರಿಗೆ ಹೇಳುವುದಿಲ್ಲ.

ಪುಸ್ತಕ ಸಪ್ಪೆ ಅಂತ ಕೊಳ್ಳುವ ಮುಂಚೆ ಗೊತ್ತಾಗುವ ಲಕ್ಷಣ ಇದೆಯಾ?

ಇದೆ. ಎಲ್ಲರೂ ದೇವರಂಥವರು, ಎಲ್ಲ ನಿರ್ದೇಶಕರೂ ಗುರುಗಳು, ಎಲ್ಲ ಸಹನಟರೂ ಒಡಹುಟ್ಟಿದವರಂತೆ ಅನ್ನುವ ಪುಟಗಳು ಕಂಡರೆ ಕೆಳಗಿಡಿ. ಪ್ರಶಸ್ತಿಗಳ ಪಟ್ಟಿ, ಪ್ರತಿ ಅಧ್ಯಾಯದ ಕೊನೆಗೆ ಜೀವನ ಪಾಠ ಇದ್ದರೂ ಅಷ್ಟೆ. ಬರೆದವರ ವಯಸ್ಸನ್ನೂ ನೋಡಿ. ಇನ್ನೂ ಅವಕಾಶಗಳಿಗಾಗಿ ಓಡಾಡುತ್ತಿರುವವರು ಯಾರನ್ನೂ ಎದುರು ಹಾಕಿಕೊಳ್ಳುವುದಿಲ್ಲ. ಆಟ ಮುಗಿಸಿದವರು, ಎಪ್ಪತ್ತು ದಾಟಿದವರು ಬಾಯಿ ಬಿಡುತ್ತಾರೆ. ಎಲ್ಟನ್ ಜಾನ್ ಬರೆದಾಗ ಅವರಿಗೆ ಎಪ್ಪತ್ತೆರಡು.

ನನಗೆ ಗೊತ್ತೇ ಇಲ್ಲದವರ ಆತ್ಮಕಥೆ ಓದಿದರೆ ಮಜಾ ಬರುತ್ತಾ?

ಬರುತ್ತೆ. ನಿವೆನ್ ಅವರ ಒಂದು ಸಿನಿಮಾ ಕೂಡ ನೋಡದವರು ಆ ಪುಸ್ತಕ ಓದಿ ನಗುತ್ತಾರೆ. ಅಭಿಮಾನ ಇಲ್ಲದಿದ್ದರೆ ಒಂದು ಅನುಕೂಲವೂ ಇದೆ: ಯಾವ ಗುಟ್ಟು ಕೇಳಿದರೂ ಬೇಸರವಾಗುವುದಿಲ್ಲ.

ಗೆಳತಿಯರ ಗುಂಪಿನಲ್ಲಿ ಒಟ್ಟಿಗೆ ಓದಬೇಕು ಅಂತಿದ್ದೇವೆ. ಹೇಗೆ ಮಾಡೋದು?

ಎಲ್ಲರೂ ಒಂದೇ ಪುಸ್ತಕ ಓದುವ ಬದಲು ಜೋಡಿ ಪುಸ್ತಕ ಹಂಚಿಕೊಳ್ಳಿ. ಅರ್ಧ ಜನ ಎರಿಕ್, ಅರ್ಧ ಜನ ಪ್ಯಾಟಿ. ಸೇರಿದಾಗ ಒಂದೇ ಘಟನೆಯನ್ನು ಎರಡೂ ಕಡೆಯವರು ತಮ್ಮ ತಮ್ಮ ಪುಸ್ತಕದಿಂದ ಜೋರಾಗಿ ಓದಿ. ವಾದ ತಾನಾಗಿ ಹತ್ತಿಕೊಳ್ಳುತ್ತೆ. ಇಷ್ಟವಾದ ಪುಟಕ್ಕೆ ಚೀಟಿ ಇಟ್ಟುಕೊಂಡು ಬನ್ನಿ, ಇಲ್ಲದಿದ್ದರೆ ಹುಡುಕುವುದರಲ್ಲೇ ಹೊತ್ತು ಹೋಗುತ್ತೆ.

ಓದಿದ ಮೇಲೆ ಅಲ್ಲಿ ಬರುವ ಪಂದ್ಯವನ್ನೋ ಹಾಡನ್ನೋ ಒಟ್ಟಿಗೆ ನೋಡಿ. 1990ರ ಆ ಫೈನಲ್‌ನ ವಿಡಿಯೊ ಹಾಕಿಕೊಂಡು ಕೂತರೆ ಯಾರೂ ಚೆಂಡು ನೋಡುವುದಿಲ್ಲ, ಎಲ್ಲರ ಕಣ್ಣೂ ಅಗಾಸ್ಸಿಯ ತಲೆಯ ಮೇಲೇ ಇರುತ್ತೆ.

ಓದಿದ ಮೇಲೆ ಪುಸ್ತಕ ಇಟ್ಟುಕೊಳ್ಳಬೇಕಾ?

ಹೆಚ್ಚಿನವನ್ನು ಬೇಡ. ಲೈಬ್ರರಿಯಿಂದ ತನ್ನಿ, ಇ-ಬುಕ್ ಓದಿ, ಅಥವಾ ಕೊಂಡು ಓದಿ ಕೈ ದಾಟಿಸಿ. ಮರುಓದಿಗೆ ನಿಲ್ಲುವವು ಕೆಲವೇ. ನಾನು ಇಟ್ಟುಕೊಳ್ಳುವುದು ನಿವೆನ್, ಅಗಾಸ್ಸಿ, ಎಲ್ಟನ್ ಜಾನ್. ಕೊಡುವಾಗ ಒಂದು ಮಾತು: ಒಳಗಿನ ಗುಟ್ಟನ್ನು ಮೊದಲೇ ಹೇಳಿಬಿಡಬೇಡಿ.